ಆನೆಗೆ ಕಣ್ಣೀರು, ಹಂದಿಗೆ?

2020ರ ಮೇ ತಿಂಗಳ ಕೊನೆಗೆ ನಿಮ್ಮ ಮೊಬೈಲಿಗೂ ಆ ಚಿತ್ರ ಬಂದಿರಬಹುದು. ಹೊಳೆಯ ನಡುವೆ, ಸೊಂಡಿಲನ್ನೂ ಬಾಯನ್ನೂ ನೀರಿನಲ್ಲಿ ಮುಳುಗಿಸಿ ಸುಮ್ಮನೆ ನಿಂತಿದ್ದ ಒಂದು ಹೆಣ್ಣಾನೆ. ಲಾಕ್‌ಡೌನಿನ ದಿನಗಳು. ಎಲ್ಲರೂ ಮನೆಯಲ್ಲಿ, ಎಲ್ಲರ ಕೈಯಲ್ಲೂ ಮೊಬೈಲು. ಆ ಆನೆ ಬಸುರಿಯಾಗಿತ್ತು ಎಂದು ತಿಳಿದ ಮೇಲಂತೂ ದೇಶಕ್ಕೆ ದೇಶವೇ ಕಣ್ಣೀರಿಟ್ಟಿತು. ಉದ್ಯಮಿ ರತನ್ ಟಾಟಾ ಅದನ್ನು ಮನುಷ್ಯನ ಕೊಲೆಗೆ ಹೋಲಿಸಿದರು. ಕ್ರಿಕೆಟಿಗರು, ಸಿನಿಮಾದವರು ಮರುಗಿದರು. ಮರುಗಬೇಕಾದದ್ದೇ. ಸ್ಫೋಟಕ ತುಂಬಿದ ಕಾಯನ್ನು ಕಚ್ಚಿ ಬಾಯಿ ಛಿದ್ರವಾದ ಆ ಪ್ರಾಣಿ ಸುಮಾರು ಎರಡು ವಾರ ಏನನ್ನೂ ತಿನ್ನಲಾಗದೆ ಅಲೆದಿತ್ತು. ಉರಿ ತಾಳಲಾರದೆ ವೆಳ್ಳಿಯಾರ್ ಹೊಳೆಗೆ ಇಳಿದಿತ್ತು. ಅರಣ್ಯ ಇಲಾಖೆಯವರು ಪಳಗಿದ ಆನೆಗಳನ್ನು ತಂದು ದಡಕ್ಕೆ ಕರೆದರೂ ಬರಲಿಲ್ಲ. ಮೇ 27ರಂದು ನೀರಿನಲ್ಲಿ ನಿಂತಲ್ಲೇ ಪ್ರಾಣ ಬಿಟ್ಟಿತು.

ಇಲ್ಲಿಯವರೆಗೆ ದುಃಖದ ಕಥೆ. ಇಲ್ಲಿಂದ ಮುಂದೆ ಸಿಟ್ಟಿನ ಕಥೆ.

ಆನೆ ಸತ್ತದ್ದು ಪಾಲಕ್ಕಾಡ್ ಜಿಲ್ಲೆಯಲ್ಲಿ, ಸೈಲೆಂಟ್ ವ್ಯಾಲಿಯ ಅಂಚಿನ ಮಣ್ಣಾರ್‌ಕ್ಕಾಡ್ ಅರಣ್ಯ ವಿಭಾಗದಲ್ಲಿ. ಆದರೆ ದಿಲ್ಲಿಯವರೆಗೆ ಮುಟ್ಟಿದ ಹೆಸರು ಪಕ್ಕದ ಮಲಪ್ಪುರಂ. ಆಗಿನ ಕೇಂದ್ರ ಪರಿಸರ ಸಚಿವರೂ ಆ ಜಿಲ್ಲೆಯ ಹೆಸರನ್ನೇ ಬರೆದರು. ಆಗ ಸಂಸದೆಯಾಗಿದ್ದ ಮೇನಕಾ ಗಾಂಧಿಯವರು ಇಡೀ ಮಲಪ್ಪುರಂ ಪ್ರಾಣಿಹಿಂಸೆಗೆ, ಅಪರಾಧಕ್ಕೆ ಹೆಸರಾದ ಜಿಲ್ಲೆ ಎಂಬರ್ಥದ ಮಾತಾಡಿದರು. ಮಲಪ್ಪುರಂ ಎಂದರೆ ಯಾರು ನೆನಪಿಗೆ ಬರುತ್ತಾರೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಒಂದೆರಡು ದಿನಗಳಲ್ಲೇ, ಇಬ್ಬರು ಮುಸ್ಲಿಮರ ಬಂಧನವಾಗಿದೆ ಎಂದು ಎರಡು ಹೆಸರುಗಳೂ ಮೊಬೈಲಿನಿಂದ ಮೊಬೈಲಿಗೆ ಹರಿದವು. ಆ ಹೆಸರಿನ ಯಾರನ್ನೂ ಬಂಧಿಸಿರಲಿಲ್ಲ. ಜೂನ್ 5ರಂದು ಬಂಧಿಸಿದ್ದು ಬೇರೊಬ್ಬ ತೋಟ ಕಾರ್ಮಿಕನನ್ನು. ಪ್ರಕರಣದ ಆರೋಪಿಗಳು ಯಾವುದೇ ಒಂದು ಧರ್ಮದವರಾಗಿರಲಿಲ್ಲ. ಆನೆ ಅದನ್ನು ಆಕಸ್ಮಿಕವಾಗಿ ತಿಂದಿರಬಹುದು ಎಂದು ಕೊನೆಗೆ ಪರಿಸರ ಸಚಿವಾಲಯವೇ ತಿಳಿಸಬೇಕಾಯಿತು. ಅಷ್ಟು ಹೊತ್ತಿಗೆ ಬೈಯಬೇಕಾದವರು ಬೈದು ಮುಗಿಸಿದ್ದರು.

ಈ ಅನ್ಯಾಯದ ಬಗ್ಗೆ ನಮ್ಮವರು ಬೇಕಾದಷ್ಟು ಬರೆದಿದ್ದಾರೆ. ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು ಆ ಗದ್ದಲದಲ್ಲಿ ಯಾರೂ ಕೇಳದ ಇನ್ನೊಂದು ಪ್ರಶ್ನೆಯ ಕಡೆಗೆ. ಆ ಸಿಡಿಮದ್ದು ಇಟ್ಟದ್ದು ಯಾರಿಗಾಗಿ?

ಹಂದಿಗಾಗಿ, ಸಹೋದರಿಯರೇ. ಆ ಕಡೆ ಅದಕ್ಕೆ 'ಪನ್ನಿ ಪಡಕ್ಕಂ' ಎಂದೇ ಹೆಸರು, ಹಂದಿ ಪಟಾಕಿ. ಹಣ್ಣಿನಲ್ಲೋ ತೆಂಗಿನಕಾಯಿಯಲ್ಲೋ ಮದ್ದು ತುಂಬಿ ತೋಟದ ಅಂಚಿನಲ್ಲಿ ಇಡುತ್ತಾರೆ. ಹಂದಿ ಕಚ್ಚುತ್ತದೆ, ದವಡೆ ಹಾರಿಹೋಗುತ್ತದೆ. ಅಲ್ಲೇ ಸತ್ತರೆ ಅದರ ಪುಣ್ಯ. ಇಲ್ಲವಾದರೆ ಆ ಆನೆ ಪಟ್ಟ ಪಾಡನ್ನೇ ಪೊದೆಯೊಳಗೆ ಪಡುತ್ತದೆ, ಫೋಟೋ ತೆಗೆಯುವವರಿಲ್ಲದೆ. ಆ ಆನೆಗಿಂತ ಮೊದಲು ಎಷ್ಟು ಹಂದಿಗಳು ಹೀಗೆ ಸತ್ತಿರಬೇಡ? ಅವುಗಳಲ್ಲಿ ಬಸುರಿ ಹಂದಿಗಳಿರಲಿಲ್ಲವೇ? ಅದೇ ದಿನಗಳಲ್ಲಿ ಹಿಮಾಚಲ ಪ್ರದೇಶದ ಬಿಲಾಸ್‌ಪುರ ಜಿಲ್ಲೆಯಲ್ಲಿ ಒಂದು ಗಬ್ಬದ ಹಸುವಿನ ಬಾಯಿಯೂ ಹಿಟ್ಟಿನ ಉಂಡೆಯಲ್ಲಿಟ್ಟ ಮದ್ದಿನಿಂದ ಸಿಡಿದಿತ್ತು. ಮದ್ದಿಗೆ ಜಾತಿ ಗೊತ್ತಿಲ್ಲ, ಪ್ರಾಣಿಯೂ ಗೊತ್ತಿಲ್ಲ.

ರೈತನ ಕಷ್ಟ ಸುಳ್ಳಲ್ಲ. ವರ್ಷವಿಡೀ ಬೆವರು ಸುರಿಸಿ ಬೆಳೆದ ಗೆಣಸನ್ನು ಒಂದೇ ರಾತ್ರಿ ಹಂದಿಗಳ ಹಿಂಡು ಉತ್ತುಹಾಕಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ? ಮಲೆನಾಡಿನಲ್ಲಿ ನೆಂಟರಿರುವವರಿಗೆ ಇದು ಗೊತ್ತಿದೆ. 2022ರಲ್ಲಿ ಕೇರಳ ಸರಕಾರ ಬೆಳೆ ಹಾಳುಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅಪ್ಪಣೆ ನೀಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಿಗೆ ಕೊಟ್ಟಿತು. ಆದರೆ ವಿಷ, ಸ್ಫೋಟಕ, ವಿದ್ಯುತ್ ಬಳಸಬಾರದು ಎಂದು ಷರತ್ತು ಹಾಕಿತು. ಕೊಲ್ಲುವುದು ಬೇರೆ, ಚಿತ್ರಹಿಂಸೆ ಬೇರೆ ಎಂಬ ಈ ಗೆರೆ ಸರಕಾರಿ ಆದೇಶದಲ್ಲಾದರೂ ಇದೆಯಲ್ಲ! 2025ರಲ್ಲಿ ಪ್ರಕಟವಾದ ಡಿಎನ್‌ಎ ಆಧಾರಿತ ಗಣತಿಯಂತೆ ದೇಶದ 22,446 ಕಾಡಾನೆಗಳಲ್ಲಿ 6,013 ನಮ್ಮ ಕರ್ನಾಟಕದಲ್ಲೇ ಇವೆ, ಎಲ್ಲ ರಾಜ್ಯಗಳಿಗಿಂತ ಹೆಚ್ಚು. ಆದ್ದರಿಂದ ಇದು ಪಕ್ಕದ ರಾಜ್ಯದ ಕಥೆಯೆಂದು ಸುಮ್ಮನಿರುವ ಹಾಗಿಲ್ಲ.

'ಆನೆ ಬುದ್ಧಿವಂತ ಪ್ರಾಣಿ, ಹಂದಿಯನ್ನು ಅದರ ಜೊತೆ ಹೋಲಿಸುವುದೇ?' ಎಂದು ಕೆಲವರು ಕೇಳಬಹುದು. ಹೌದು, ಆನೆ ಬುದ್ಧಿವಂತ ಪ್ರಾಣಿಯೇ. 2006ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಲ್ಲಿ ಮೂರು ಆನೆಗಳ ಮುಂದೆ ದೊಡ್ಡ ಕನ್ನಡಿ ಇಟ್ಟು ಪರೀಕ್ಷಿಸಿದರು. ಹ್ಯಾಪಿ ಎಂಬ ಆನೆ ತನ್ನ ಹಣೆಗೆ ಹಚ್ಚಿದ್ದ ಬಿಳಿ ಗುರುತನ್ನು ಕನ್ನಡಿಯಲ್ಲಿ ಕಂಡು ಸೊಂಡಿಲಿನಿಂದ ಮತ್ತೆ ಮತ್ತೆ ಮುಟ್ಟಿಕೊಂಡಿತು. ಅದು ತಾನೇ ಎಂದು ಅದಕ್ಕೆ ತಿಳಿದಿತ್ತು ಎಂದಾಯಿತು. ಅದೇ ಹ್ಯಾಪಿಯ ಬಿಡುಗಡೆಗಾಗಿ ಮುಂದೆ ಮೊಕದ್ದಮೆಯೂ ನಡೆಯಿತು. ಅಕ್ರಮವಾಗಿ ಸೆರೆಯಲ್ಲಿಟ್ಟ ಮನುಷ್ಯನಿಗಿರುವ ಹಕ್ಕು ಇಂಥ ಆನೆಗೂ ಬೇಕು ಎಂಬುದು ವಾದ. 2022ರ ಜೂನಿನಲ್ಲಿ ಆ ರಾಜ್ಯದ ಅತ್ಯುನ್ನತ ನ್ಯಾಯಾಲಯದ ಏಳು ಮಂದಿಯಲ್ಲಿ ಐವರು ಆಗದು ಎಂದರು, ಇಬ್ಬರು ಹೌದೆಂದರು.

ಆದರೆ ಹಂದಿಯೂ ಈ ಪರೀಕ್ಷೆಗಳಲ್ಲಿ ಹಿಂದೆ ಬಿದ್ದಿಲ್ಲ. 2009ರಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿಗಳು ಸಣ್ಣ ಹಂದಿಗಳಿಗೆ ಕನ್ನಡಿ ಕೊಟ್ಟು ನೋಡಿದರು. ಅಡ್ಡಗೋಡೆಯ ಹಿಂದಿದ್ದ ಆಹಾರದ ಬಟ್ಟಲು ಕನ್ನಡಿಯಲ್ಲಿ ಕಂಡಾಗ ಅವುಗಳಲ್ಲಿ ಹೆಚ್ಚಿನವು ಕನ್ನಡಿಯ ಕಡೆಗೆ ಓಡಲಿಲ್ಲ, ಗೋಡೆಯನ್ನು ಸುತ್ತಿ ನೇರ ಬಟ್ಟಲ ಬಳಿಗೆ ಹೋದವು. 2021ರಲ್ಲಿ ಅಮೆರಿಕದಲ್ಲಿ ನಾಲ್ಕು ಹಂದಿಗಳು ಮೂತಿಯಿಂದ ಹಿಡಿಕೆ ಆಡಿಸಿ ಕಂಪ್ಯೂಟರ್ ಪರದೆಯ ಮೇಲಿನ ಆಟ ಕಲಿತ ವರದಿ ಬಂತು. (ನಮ್ಮ ಮಕ್ಕಳು ಇದನ್ನೇ ಬುದ್ಧಿವಂತಿಕೆ ಎನ್ನುವುದಾದರೆ ಸ್ವಲ್ಪ ಎಚ್ಚರದಿಂದಿರಬೇಕು!) ಹೋಗಲಿ, ಕನ್ನಡಿಯ ಪರೀಕ್ಷೆಯಲ್ಲಿ ನಾಯಿ ಸಾಮಾನ್ಯವಾಗಿ ಸೋಲುತ್ತದೆ. ಅದು ಜಗತ್ತನ್ನು ಮೂಗಿನಿಂದ ಅರಿಯುವ ಪ್ರಾಣಿ. ಆದರೆ ಕ್ಲೀನರ್ ರಾಸ್ ಎಂಬ ಬೆರಳುದ್ದದ ಮೀನು ಅದೇ ಪರೀಕ್ಷೆಯಲ್ಲಿ ಗೆದ್ದಿದೆ ಎಂದು 2019ರಲ್ಲಿ ವಿಜ್ಞಾನಿಗಳು ಹೇಳಿದಾಗ ದೊಡ್ಡ ಚರ್ಚೆಯೇ ನಡೆಯಿತು.

ನನಗನಿಸುವುದಿಷ್ಟು. ಬುದ್ಧಿಯ ಪರೀಕ್ಷೆ ಇಟ್ಟು ಪಾಸಾದವರಿಗೆ ಮಾತ್ರ ಕರುಣೆ ಹಂಚುವುದಾದರೆ, ನಮ್ಮ ಮನೆಯ ತೊಟ್ಟಿಲ ಮಗುವನ್ನೂ, ನೆನಪು ಮಾಸಿದ ಅಜ್ಜಿಯನ್ನೂ ಎಲ್ಲಿ ಕೂರಿಸೋಣ? ನೋವಿಗೆ ಲೆಕ್ಕ ಬರಬೇಕಾಗಿಲ್ಲ. ಇಂಗ್ಲೆಂಡಿನ ಚಿಂತಕ ಬೆಂಥಮ್ 1789ರಲ್ಲೇ ಈ ವಾದ ಎತ್ತಿದ್ದರೆಂದು ಪುಸ್ತಕಗಳು ಹೊಗಳುತ್ತವೆ. ನಮಗೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಸಾಯಿಸಿದ ಹೆಂಗಸಿನ ವೃತ್ತಾಂತ ನೀವೆಲ್ಲ ಕೇಳಿದ್ದೀರಿ. ಆ ಬೆಕ್ಕು ಬುದ್ಧಿವಂತ ಬೆಕ್ಕೇ ಎಂದು ಅಲ್ಲಿ ಯಾರೂ ವಿಚಾರಿಸಿಲ್ಲ. ಹಂದಿಯ ಮಾಂಸ ನಮಗೆ ನಿಷಿದ್ಧ ನಿಜ. ಅದರ ಬಾಯಿಗೆ ಬೆಂಕಿ ಇಡುವುದು ಅದರಿಂದ ಸಮ್ಮತವಾಗುವುದಿಲ್ಲ.

ಮಲಪ್ಪುರಂನವರ ಮೇಲೆ ಸುಳ್ಳು ಹೊರಿಸಿದಾಗ ನಮಗೆಲ್ಲ ನೋವಾಯಿತು. ಆದರೆ ಸುಳ್ಳು ದೂರು ಹೊತ್ತವರ ಅಂಗಳ ತಾನಾಗಿಯೇ ಶುಚಿಯಾಗಿಬಿಡುವುದಿಲ್ಲ. ಕೋಳಿಗಳನ್ನು ಕಾಲು ಕಟ್ಟಿ ಬೈಕಿನ ಎರಡೂ ಬದಿಗೆ ತಲೆಕೆಳಗಾಗಿ ತೂಗುಹಾಕಿ, ಬಿಸಿಲಿನಲ್ಲಿ ಹತ್ತಾರು ಮೈಲಿ ಒಯ್ಯುವುದನ್ನು ನಾವು ದಿನವೂ ನೋಡುತ್ತೇವೆ. ಬಕ್ರೀದಿನ ಹಿಂದಿನ ದಿನ ಟೆಂಪೋದಲ್ಲಿ ಒಂದರ ಮೇಲೊಂದು ತುರುಕಿ ತಂದ ಆಡುಗಳಲ್ಲಿ ಕಾಲು ಮುರಿದವು ಎಷ್ಟಿರುತ್ತವೆ? ಚೂರಿಯನ್ನು ಪ್ರಾಣಿಯ ಕಣ್ಣೆದುರು ಮಸೆಯಬಾರದು, ಒಂದರೆದುರು ಇನ್ನೊಂದನ್ನು ಕೊಯ್ಯಬಾರದು ಎಂಬುದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಪಾಠ. ಆದರೆ ಹಬ್ಬದ ದಿನ ಗಡಿಬಿಡಿಯಲ್ಲಿ ಅದನ್ನು ನೆನಪಿಸುವವರು ಯಾರು? ಗಂಡಸರು 'ಬೇಗ ಆಗಲಿ' ಎನ್ನುತ್ತಾರೆ, ನಾವು ಒಳಗೆ ಮಸಾಲೆ ಅರೆಯುತ್ತಿರುತ್ತೇವೆ.

ಕಾನೂನನ್ನು ನೆಚ್ಚಿಕೊಂಡರೂ ಹೆಚ್ಚು ಸಿಗಲಿಕ್ಕಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯಿದೆ ಮೊದಲ ಸಲ ತಪ್ಪು ಮಾಡಿದವನಿಗೆ ಗೊತ್ತುಮಾಡಿದ ದಂಡ 10ರಿಂದ 50 ರೂಪಾಯಿ. ಧರ್ಮ ವಿಧಿಸಿದ ರೀತಿಯಲ್ಲಿ ಕೊಯ್ಯುವುದು ಅಪರಾಧವಲ್ಲ ಎಂದು ಅದೇ ಕಾಯಿದೆಯ 28ನೇ ಸೆಕ್ಷನ್ ಹೇಳುತ್ತದೆ. ಆ ರಿಯಾಯಿತಿ ಇರುವುದು ಕೊಯ್ಯುವ ರೀತಿಗೆ. ಅದಕ್ಕೆ ಮೊದಲು ಹಸಿವಿನಲ್ಲಿ ಕೆಡವಿದ್ದಕ್ಕೆ, ಕಾಲು ಮುರಿದದ್ದಕ್ಕೆ ಅಲ್ಲ.

ಕೋಳಿ ಅಂಗಡಿಯವನಿಗೆ 'ಹಾಗೆ ನೇತುಹಾಕಿ ತಂದರೆ ನಾನು ಕೊಳ್ಳುವುದಿಲ್ಲ' ಎಂದು ಹೇಳಲು ಯಾವ ಕಾಯಿದೆಯೂ ಬೇಡ. ಬೀದಿನಾಯಿಗೆ ಕಲ್ಲು ಹೊಡೆಯುವ ಮಗನ ಕೈ ಹಿಡಿಯಲೂ ಬೇಡ. ಬಕ್ರೀದಿಗೆ ತಂದ ಆಡಿಗೆ ನೆರಳು, ನೀರು, ಮೇವು ನೋಡಿಕೊಳ್ಳುವ ಕೆಲಸ ಹೆಚ್ಚಾಗಿ ನಮ್ಮ ಪಾಲಿಗೇ ಬರುತ್ತದೆ. ಕೊಯ್ಯುವ ಜಾಗಕ್ಕೆ ಒಂದು ಹಳೆಯ ಚಾದರದ ಮರೆ ಕಟ್ಟಿಸಿದರೂ ಸಾಕು, ಉಳಿದವು ನೋಡದಿರುತ್ತವೆ. ನಿಮ್ಮ ಮೊಹಲ್ಲಾದಲ್ಲಿ ಅಂಥ ವ್ಯವಸ್ಥೆ ಇದೆಯೇ? ಇದ್ದರೆ ಅದನ್ನು ಯಾರು ಶುರು ಮಾಡಿದರು, ಗಂಡಸರನ್ನು ಹೇಗೆ ಒಪ್ಪಿಸಿದಿರಿ ಎಂದು ಬರೆದು ಕಳಿಸಿ. ಹಬ್ಬಕ್ಕೆ ಮೊದಲಿನ ಸಂಚಿಕೆಯಲ್ಲಿ ಆ ಪತ್ರಗಳನ್ನು ಪ್ರಕಟಿಸೋಣ.