ತಮ್ಮಗ ಕಾನ್ವೆಂಟ್, ಅಕ್ಕಗ ಊರ ಸಾಲಿ

ಬೆಳಿಗ್ಗೆ ಏಳೂಮುಕ್ಕಾಲಿಗೆ ಸುರಪುರ ತಾಲೂಕಿನ ಒಂದು ಊರಿನ ಅಗಸಿ ಮುಂದೆ ಹಳದಿ ವ್ಯಾನ್ ಬಂದು ನಿಲ್ಲುತ್ತದೆ. ಟೈ, ಬೂಟು ಹಾಕಿಕೊಂಡ ಆರು ವರ್ಷದ ಹುಡುಗ ಹತ್ತುತ್ತಾನೆ. ಅವನ ಟಿಫಿನ್ ಡಬ್ಬಿ, ನೀರಿನ ಬಾಟಲಿ ಹಿಡಿದುಕೊಂಡು ಬಂದವಳು ಅವನ ಅಕ್ಕ. ಐದನೇ ಕ್ಲಾಸು. ವ್ಯಾನ್ ಹೋದ ಮೇಲೆ ಅವಳು ಮನೆಗೆ ಹೋಗಿ, ಎರಡು ಕೊಡ ನೀರು ತಂದಿಟ್ಟು, ಊರ ಸಾಲಿಗೆ ನಡೆಯುತ್ತಾಳೆ. ಹತ್ತಿ ಬಿಡಿಸುವ ಕಾಲ ಬಂದರೆ ಅದೂ ಇಲ್ಲ, ಅವ್ವನ ಜೊತೆ ಹೊಲಕ್ಕೆ.

ಅವರಪ್ಪ ನಮ್ಮನ್ನು ಕಟ್ಟೆ ಮೇಲೆ ಕೂಡಿಸಿಕೊಂಡು ಕೇಳಿದರು. "ನೀವು ಪೇಪರಿನ್ಯಾಗ ಬರಿಯೋರು, ನೀವೇ ಹೇಳ್ರಿ. ಹುಡುಗನ್ನ ಕಾನ್ವೆಂಟಿಗಿ ಹಾಕೀನಿ. ಚಲೋ ಮಾಡೀನೋ ಇಲ್ಲೋ?"

"ಹುಡುಗೀನ?"

"ಆಕಿ ಇಲ್ಲೇ ಹೋಗ್ತಾಳ್ರಿ. ಆಕಿಗೇನು, ನಾಳಿ ಗಂಡನ ಮನಿಗಿ ಹೋಗಾಕಿ."

ಅಲ್ಲಿ ನಾವು ನಕ್ಕು ಚಹಾ ಕುಡಿದು ಎದ್ದು ಬಂದೆವು. ಹಿರಿಯರ ಎದುರು ಹೇಳಲು ಆಗಲಿಲ್ಲ. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇವೆ, ಯಾಕೆಂದರೆ ಇದು ಆ ಒಂದು ಮನೆಯ ಮಾತಲ್ಲ. ಯಾದಗಿರಿ, ಶಹಾಪುರ, ಸುರಪುರ ಎಲ್ಲ ಕಡೆ ಇದೇ ನಡೆದಿದೆ. ಒಂದೇ ಒಲೆಯ ರೊಟ್ಟಿ ತಿನ್ನುವ ಎರಡು ಮಕ್ಕಳನ್ನು ಎರಡು ಜಾತಿ ಮಾಡುತ್ತಿದ್ದೇವೆ.

ಮೊದಲು ಈ 'ಕಾನ್ವೆಂಟ್' ಅನ್ನುವ ಮಾತು. ಕಾನ್ವೆಂಟ್ ಅಂದರೆ ಕ್ರೈಸ್ತ ಸನ್ಯಾಸಿನಿಯರು ಒಟ್ಟಿಗೆ ಇರುವ ಮಠ. ಸಿಸ್ಟರುಗಳು ಮಠದ ಪಕ್ಕದಲ್ಲಿ ಸಾಲಿ ನಡೆಸುತ್ತಿದ್ದರಿಂದ ಸಾಲಿಗೂ ಅದೇ ಹೆಸರು ಬಂತು. ನಮ್ಮ ಅಜ್ಜಂದಿರೂ ಐಗಳ ಮಠದಲ್ಲಿ ಮರಳ ಮೇಲೆ ಅಕ್ಷರ ತಿದ್ದಿದವರೇ, ಆದ್ದರಿಂದ ಇದರಲ್ಲಿ ಹೊಸದೇನಿಲ್ಲ. ಆದರೆ ಈಗ ನಮ್ಮ ಕಡೆ ಕಾನ್ವೆಂಟ್ ಅಂದರೆ ಏನು? ಎರಡು ಅಂತಸ್ತಿನ ಬಾಡಿಗೆ ಕಟ್ಟಡ, ಗೇಟಿನ ಮೇಲೆ ಮಿಕ್ಕಿ ಮೌಸ್, ಬೋರ್ಡಿನಲ್ಲಿ 'ಸೇಂಟ್' ಏನೋ ಒಂದು. ಒಳಗೆ ಹೋಗಿ ನೋಡಿದರೆ ಸಿಸ್ಟರೂ ಇಲ್ಲ, ಫಾದರೂ ಇಲ್ಲ. ಟ್ರಸ್ಟಿನ ಅಧ್ಯಕ್ಷರು ಗುತ್ತಿಗೆದಾರರು, ಕಾರ್ಯದರ್ಶಿ ಅವರ ಅಳಿಯ. ನಿಜವಾಗಿ ಕ್ರೈಸ್ತ ಸಂಸ್ಥೆ ನಡೆಸುವ ಸಾಲಿಗಳು ನಮ್ಮ ಜಿಲ್ಲೆಯಲ್ಲಿ ಕೆಲವೇ. ಮೆಥಡಿಸ್ಟ್ ಮಿಷನ್ನಿನವರು ನಿಜಾಮರ ಕಾಲದಿಂದ ಯಾದಗಿರಿಯಲ್ಲಿ ಇದ್ದಾರೆ. ಕ್ಯಾಥೊಲಿಕ್ಕರ ಕಲಬುರಗಿ ಧರ್ಮಪ್ರಾಂತ್ಯ ಆದದ್ದು 2005ರಲ್ಲಿ. ಉಳಿದ 'ಸೇಂಟ್'ಗಳೆಲ್ಲ ಆ ಹೆಸರಿನ ಮೇಲೆ ಸವಾರಿ ಮಾಡುವವರು. ಅಂಗಡಿಯಲ್ಲಿ ಕಂಪನಿ ಮಾಲಿನ ಹೆಸರು ಹೇಳಿ ಡುಪ್ಲಿಕೇಟ್ ಮಾರಿದಂತೆ.

ಇನ್ನು ಮತಾಂತರದ ಮಾತು. ಚುನಾವಣೆ ಹತ್ತಿರ ಬಂದಾಗ ಈ ಮಾತು ಜೋರಾಗುತ್ತದೆ. "ಮಕ್ಕಳನ್ನು ಅಲ್ಲಿಗೆ ಹಾಕಿದರೆ ಕಿರಿಸ್ತಾನ ಮಾಡ್ತಾರ" ಅನ್ನುವ ಮುಖಂಡರ ಮೊಮ್ಮಕ್ಕಳು ಎಲ್ಲಿ ಓದುತ್ತಾರೆ ಅಂತ ಒಮ್ಮೆ ವಿಚಾರಿಸಿ ನೋಡಿ, ನಾವು ಹೆಚ್ಚು ಹೇಳುವುದಿಲ್ಲ. ಕಾನೂನು ಸ್ಪಷ್ಟವಾಗಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಯಾವ ಸಾಲಿಯಲ್ಲೂ ತಂದೆತಾಯಿ ಒಪ್ಪದೆ ಮಗುವನ್ನು ಧರ್ಮಬೋಧನೆಗೆ ಕೂಡಿಸುವಂತಿಲ್ಲ. ಸಂವಿಧಾನದ 28ನೇ ವಿಧಿ ಅದು. ಫಾರಂಗೆ ಸಹಿ ಮಾಡುವ ಮುಂಚೆ ಓದಿಸಿ ಕೇಳಿ, ಬೇಡ ಅನಿಸಿದರೆ ಬೇಡ ಅನ್ನಿ. ಅಷ್ಟೇ. ನಮ್ಮ ತಕರಾರು ಧರ್ಮದ್ದಲ್ಲ.

ಮಿಷನ್ನಿನವರ ಬಗ್ಗೆ ಇನ್ನೊಂದು ಸಂಗತಿ ಹೇಳಲೇಬೇಕು. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರು ಮೊದಲು ಮಾಡಿದ ಕೆಲಸವೇ ಕನ್ನಡ ಕಲಿಯುವುದು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ' 1843ರಲ್ಲಿ ತಂದವರು ಅವರ ಹರ್ಮನ್ ಮೊಗ್ಲಿಂಗ್. ಪತ್ರಿಕೋದ್ಯಮ ಓದಿದ ನಮಗೆ ಮೊದಲ ಸೆಮಿಸ್ಟರಿನ ಮೊದಲ ಪಾಠವೇ ಅದು. 1894ರಲ್ಲಿ ಕನ್ನಡ ನಿಘಂಟು ಪ್ರಕಟಿಸಿದ ಕಿಟ್ಟೆಲ್ ಕೂಡ ಅವರವರೇ. ಊರ ಮಕ್ಕಳಿಗೆ ಊರ ಮಾತಿನಲ್ಲೇ ಕಲಿಸಬೇಕು ಅಂತ ಅವರಿಗೆ ಗೊತ್ತಿತ್ತು. ಇವತ್ತು ಅದೇ ಹೆಸರು ಬೋರ್ಡಿಗೆ ಹಾಕಿಕೊಂಡ ಎಷ್ಟೋ ಸಾಲಿಗಳಲ್ಲಿ ಕನ್ನಡ ಆಡಿದರೆ ದಂಡ.

ಹಾಗಂತ ಇಂಗ್ಲಿಷ್ ಬೇಕು ಅನ್ನುವ ಅಪ್ಪ ಅವ್ವನನ್ನು ನಾವು ಬೈಯುವುದಿಲ್ಲ. ಬೆಂಗಳೂರಿನ ಎಸಿ ರೂಮಿನಲ್ಲಿ ಕೂತು, ತಮ್ಮ ಮಕ್ಕಳನ್ನು ಇಂಗ್ಲಿಷಿನಲ್ಲಿ ಓದಿಸಿ, ನಮಗೆ ಮಾತೃಭಾಷೆಯ ಉಪದೇಶ ಮಾಡುವವರ ಸಾಲಿಗೆ ನಾವು ಸೇರುವುದಿಲ್ಲ. ಈ ನಾಡು ಅಧಿಕಾರದ ಭಾಷೆಯ ಹೊಡೆತ ತಿಂದದ್ದು. 1948ರವರೆಗೆ ಇದು ನಿಜಾಮರ ರಾಜ್ಯ. ಕಚೇರಿಯ ಭಾಷೆ ಉರ್ದು, ಸಾಲಿಯ ಭಾಷೆಯೂ ಉರ್ದು. ಉರ್ದು ಬಲ್ಲವನ ಕೈಯಲ್ಲಿ ಹೊಲದ ಕಾಗದ, ಬರದವನ ಕೈಯಲ್ಲಿ ಹೆಬ್ಬೆಟ್ಟಿನ ಮಸಿ. ಆ ಮಸಿಯ ನೆನಪು ನಮ್ಮ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಈಗ ಆ ಜಾಗಕ್ಕೆ ಇಂಗ್ಲಿಷ್ ಬಂದು ಕೂತಿದೆ ಅಂತ ಅಪ್ಪನಿಗೆ ಅನಿಸಿದರೆ ಅದು ಮೂರ್ಖತನವಲ್ಲ, ಅನುಭವ. 2014ರ ಮೇ 6ರಂದು ಸುಪ್ರೀಂ ಕೋರ್ಟ್ ಕೂಡ ಮಗು ಯಾವ ಮಾಧ್ಯಮದಲ್ಲಿ ಓದಬೇಕು ಅನ್ನುವುದು ತಂದೆತಾಯಿಯ ಆಯ್ಕೆ, ಸರ್ಕಾರ ಹೇರುವಂತಿಲ್ಲ ಅಂತ ಕರ್ನಾಟಕದ ಕೇಸಿನಲ್ಲೇ ಹೇಳಿತು.

ಅದೇ ದಿನ ಅದೇ ಕೋರ್ಟು ಇನ್ನೊಂದು ತೀರ್ಪನ್ನೂ ಕೊಟ್ಟಿತು. ಅಲ್ಪಸಂಖ್ಯಾತ ಸಂಸ್ಥೆಗಳ ಸಾಲಿಗಳಿಗೆ ಆರ್‌ಟಿಇ ಕಾಯ್ದೆ ಅನ್ವಯಿಸುವುದಿಲ್ಲ ಅಂತ. ಅಂದರೆ ಬಡವರ ಮಕ್ಕಳಿಗೆ ಶೇ. 25 ಸೀಟು ಕೊಡುವ ಜವಾಬ್ದಾರಿ ಆ ಸಾಲಿಗಳಿಗೆ ಇಲ್ಲವಾಯಿತು. ಆಮೇಲೆ 2019ರಿಂದ ನಮ್ಮ ರಾಜ್ಯ ಸರ್ಕಾರ ನಿಯಮ ಬದಲಿಸಿತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಸಾಲಿ ಇದ್ದರೆ ಖಾಸಗಿ ಸಾಲಿಯಲ್ಲಿ ಆರ್‌ಟಿಇ ಸೀಟೇ ಇಲ್ಲ ಅಂದಿತು. ಸರ್ಕಾರಿ ಸಾಲಿ ಇಲ್ಲದ ಊರು ಎಲ್ಲಿದೆ? ಆಯ್ಕೆಯ ಹಕ್ಕು ಕೊಟ್ಟರು, ಆಯ್ಕೆ ಮಾಡುವ ಬಾಗಿಲು ಮುಚ್ಚಿದರು. ಬಡವರ ಸೇವೆಗೇ ಬಂದೆವು ಅನ್ನುವ ಮಿಷನ್ ಸಾಲಿಗಳಿಗೂ ನಮ್ಮ ಪ್ರಶ್ನೆ ಇದು: ಕಾನೂನು ಕೇಳದಿದ್ದರೇನು, ಕೂಲಿಕಾರರ ಮಕ್ಕಳಿಗೆ ನೀವಾಗಿಯೇ ಎಷ್ಟು ಬೆಂಚು ಬಿಟ್ಟಿದ್ದೀರಿ?

ಈಗ ನಿಜವಾದ ಮಾತಿಗೆ ಬರೋಣ. ಆ ಅಪ್ಪ ವರ್ಷಕ್ಕೆ ಫೀಸು, ವ್ಯಾನು, ಬುಕ್ಕು, ಬೂಟು ಎಲ್ಲ ಸೇರಿ 31,000 ರೂಪಾಯಿ ಕಟ್ಟುತ್ತಾರೆ. ಮೂರು ಎಕರೆ ಹತ್ತಿ, ತೊಗರಿ. ಹೋದ ವರ್ಷ ಎರಡು ಆಡು ಮಾರಿದರು. ಅಷ್ಟು ಕೊಟ್ಟು ಅವರು ಏನು ಕೊಳ್ಳುತ್ತಿದ್ದಾರೆ? ಇಂಗ್ಲಿಷ್ ಅಂತ ಅವರು ಅಂದುಕೊಂಡಿದ್ದಾರೆ. ನಾವು ಹಾಗೆ ಅಂದುಕೊಂಡಿಲ್ಲ.

ನಮ್ಮ ಬಳಗದಲ್ಲಿ ಇಬ್ಬರು ಇಂಥ ಸಾಲಿಗಳಲ್ಲಿ ಓದಿದವರು. ಒಬ್ಬಳು ಸಿಸ್ಟರುಗಳೇ ನಡೆಸುವ ಸಾಲಿಯಲ್ಲಿ ಓದಿದಳು. ಅವಳಿಗೆ ನೆನಪಿರುವುದು ಇಂಗ್ಲಿಷ್ ಪಾಠವಲ್ಲ. ಮೂರು ದಿನ ಜ್ವರ ಬಂದು ಮಲಗಿದಾಗ ನಾಲ್ಕನೇ ದಿನ ಸಿಸ್ಟರ್ ನಡೆದುಕೊಂಡು ಮನೆಗೇ ಬಂದದ್ದು. ಸಿಸ್ಟರ್ ಇರುತ್ತಿದ್ದದ್ದು ಸಾಲಿಯ ಕಂಪೌಂಡಿನಲ್ಲೇ. ಮಳೆ ಬಂದರೂ, ಬಸ್ ಬಂದ್ ಇದ್ದರೂ ಒಂಬತ್ತೂವರೆಗೆ ಅವರು ಕ್ಲಾಸಿನಲ್ಲಿ ಇರುತ್ತಿದ್ದರು. ಇನ್ನೊಬ್ಬ ಓದಿದ್ದು ಬರೀ ಬೋರ್ಡಿನ 'ಸೇಂಟ್'ನಲ್ಲಿ. ಹತ್ತು ವರ್ಷ ಉತ್ತರ ಬಾಯಿಪಾಠ ಮಾಡಿದ. ಟೀಚರುಗಳಿಗೆ ತಿಂಗಳಿಗೆ ಐದಾರು ಸಾವಿರ ಕೊಡುತ್ತಿದ್ದರಂತೆ, ವರ್ಷಕ್ಕೆ ಮೂರು ಜನ ಬದಲಾದರು. ಪತ್ರಿಕೋದ್ಯಮ ಕೋರ್ಸಿಗೆ ಬಂದಾಗ ಅವನಿಗೆ ಇಂಗ್ಲಿಷಿನಲ್ಲಿ ಸ್ವಂತ ನಾಲ್ಕು ಸಾಲು ಬರೆಯಲು ಬರುತ್ತಿರಲಿಲ್ಲ, ಕನ್ನಡದಲ್ಲಿ ಅಪ್ಪನ ಪಹಣಿ ಓದಲೂ ತಡವರಿಸುತ್ತಿದ್ದ. ಇದನ್ನು ಬರೆಯಲು ಅವನೇ ಹೇಳಿದ್ದು.

ವ್ಯತ್ಯಾಸ ಮಾಧ್ಯಮದ್ದಲ್ಲ. ಮಾಸ್ತರ ದಿನಾ ಬರುತ್ತಾರೋ ಇಲ್ಲವೋ, ಬಂದವರು ಮುಂದಿನ ವರ್ಷವೂ ಇರುತ್ತಾರೋ ಇಲ್ಲವೋ, ಅಷ್ಟೇ. ಒಳ್ಳೆಯ ಮಿಷನ್ ಸಾಲಿಯ ಗುಟ್ಟೇ ಇದು. ಅಲ್ಲಿನ ಹಿರಿಯ ಅಕ್ಕೋರು ಅಲ್ಲೇ ಇರುತ್ತಾರೆ. ನಮ್ಮ ಸರ್ಕಾರಿ ಸಾಲಿಯ ರೋಗವೂ ಇದೇ, ತಿರುವು ಮುರುವಾಗಿ. ಹುದ್ದೆ ಖಾಲಿ, ಅತಿಥಿ ಶಿಕ್ಷಕರು ಜೂನಿನಲ್ಲಿ ಬರುವ ಬದಲು ಮಳೆಗಾಲ ಅರ್ಧ ಮುಗಿದ ಮೇಲೆ ಬರುವುದು, ಕಾಯಂ ಆದವರಲ್ಲಿ ಎಷ್ಟೋ ಮಂದಿ ಕಲಬುರಗಿಯಿಂದ ರೈಲು, ಬಸ್ಸು, ಟಂಟಂ ಹಿಡಿದು ಬಂದು ಹೋಗುವುದು. ಚೆನ್ನಾಗಿ ಕಲಿಸುವವರು ಇಲ್ಲ ಅಂತ ಅಲ್ಲ. ಸ್ವಂತ ದುಡ್ಡಿನಲ್ಲಿ ಗೋಡೆಗೆ ಬಣ್ಣ ಬಳಿಸಿದ ಮಾಸ್ತರರನ್ನು ನಾವು ಬಲ್ಲೆವು. ಆದರೆ ಅವರ ಸ್ವಂತ ಮಕ್ಕಳೂ ನಗರದ ಕಾನ್ವೆಂಟಿನಲ್ಲೇ. ಅಡುಗೆ ಮಾಡುವವನೇ ಉಣ್ಣದ ಊಟವನ್ನು ಊರಿಗೆ ಬಡಿಸಿದರೆ ಊರು ಏನು ತಿಳಿದುಕೊಳ್ಳಬೇಕು? ಸರ್ಕಾರಿ ಸಂಬಳ ಪಡೆಯುವವರು ಮಕ್ಕಳನ್ನು ಸರ್ಕಾರಿ ಸಾಲಿಗೇ ಹಾಕಬೇಕು ಅಂತ 2015ರಲ್ಲಿ ಅಲಹಾಬಾದ್ ಹೈಕೋರ್ಟ್ ಹೇಳಿತ್ತು. ಉತ್ತರ ಪ್ರದೇಶದ ಆ ಆದೇಶ ನಮಗೆ ಬರಲಿಲ್ಲ. ಬಂದಿದ್ದರೆ ನಮ್ಮ ಸಾಲಿಯ ಶೌಚಾಲಯಕ್ಕೆ ಒಂದೇ ವಾರದಲ್ಲಿ ನೀರು ಬರುತ್ತಿತ್ತು.

2024ರ ಎಸ್ಸೆಸ್ಸೆಲ್ಸಿ ನೆನಪಿದೆಯಾ? ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿದ ವರ್ಷ. ರಾಜ್ಯದ ಫಲಿತಾಂಶ ಶೇ. 73.40, ಉಡುಪಿ ಶೇ. 94, ಯಾದಗಿರಿ ಶೇ. 50.59. ಕೊನೆಯ ಜಿಲ್ಲೆ. ಆ ಹಿಂದಿನ ವರ್ಷವೂ ನಾವೇ ಕೊನೆ, ಆದರೆ ಆಗ ಶೇ. 75.49 ಇತ್ತು. ಆ ಲೆಕ್ಕದಲ್ಲಿ ಸರ್ಕಾರಿ ಮಕ್ಕಳೂ ಇದ್ದಾರೆ, ಟೈ ಕಟ್ಟಿದವರೂ ಇದ್ದಾರೆ. ಟೈ ಕ್ಯಾಮೆರಾದ ಮುಂದೆ ಕಾಪಾಡುವುದಿಲ್ಲ.

ಯಾದಗಿರಿಯಲ್ಲೇ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನವರ ಸಾಲಿ ಇದೆ, ಉಚಿತ. ಇಂಗ್ಲಿಷಿನ ಕಂಪ್ಯೂಟರ್ ಕಂಪನಿ ಕಟ್ಟಿ ಸಾವಿರಾರು ಕೋಟಿ ಗಳಿಸಿದ ಮನುಷ್ಯನ ಸಂಸ್ಥೆ ನಮ್ಮ ಮಕ್ಕಳಿಗೆ ಕಲಿಸುತ್ತಿರುವುದು ಕನ್ನಡ ಮಾಧ್ಯಮದಲ್ಲಿ. ಅವರಿಗೆ ಇಂಗ್ಲಿಷಿನ ಬೆಲೆ ಗೊತ್ತಿಲ್ಲ ಅನ್ನುತ್ತೀರಾ? ಇತ್ತ ಸರ್ಕಾರ 2019-20ರಲ್ಲಿ ಸಾವಿರ ಸರ್ಕಾರಿ ಸಾಲಿಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರು ಮಾಡಿತು. ಬೋರ್ಡು ಬದಲಾಯಿತು. ಮಾಸ್ತರ ಬರುವ ಟಂಟಂ ಅದೇ.

ಹೀಗಾಗಿ ಆ ಅಪ್ಪ ಆಡು ಮಾರಿ ಕೊಳ್ಳುತ್ತಿರುವುದು ಕ್ಲಾಸಿಗೆ ಬರುವ ಒಬ್ಬ ಮಾಸ್ತರನನ್ನು. ಆ ಮಾಸ್ತರ ಅವರಿಗೆ ಬಿಟ್ಟಿ ಸಿಗಬೇಕಾಗಿದ್ದವರು, ಅವರ ತೆರಿಗೆಯಲ್ಲಿ ಸಂಬಳ ಪಡೆಯುವವರು. ಕೇಳುವ ಜಾಗವೂ ಇದೆ. ಕಾಯ್ದೆಯ ಪ್ರಕಾರ ಸಾಲಿಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ತಂದೆತಾಯಿಯರೇ ಇರಬೇಕು, ಅರ್ಧದಷ್ಟು ಹೆಣ್ಣುಮಕ್ಕಳು. ನಮ್ಮ ಕಡೆ ಎಸ್‌ಡಿಎಂಸಿ ಅನ್ನುತ್ತೇವಲ್ಲ, ಅದು. ಆದರೆ ಊರಿನಲ್ಲಿ ಬಾಯಿ ಇದ್ದವರೆಲ್ಲ ಮಕ್ಕಳನ್ನು ವ್ಯಾನ್ ಹತ್ತಿಸಿಬಿಟ್ಟಿದ್ದಾರೆ. ಉಳಿದವರು ಬಾಯಿ ಇಲ್ಲದವರು, ದೀಪಾವಳಿ ಆದ ಮೇಲೆ ಬೆಂಗಳೂರಿಗೆ, ಮುಂಬೈಗೆ ಗುಳೆ ಹೋಗುವವರು. ಅವರು ಯಾರನ್ನು ಕೇಳಬೇಕು? ನಮ್ಮ ಸಿಟ್ಟು ಆ ಅಪ್ಪನ ಮೇಲೆ ಇರುವುದು ಇದಕ್ಕೆ. ಅವರು ಊರಲ್ಲಿ ನಾಲ್ಕು ಜನರ ಎದುರು ಮಾತಾಡಬಲ್ಲವರು. ಗ್ರಾಮ ಪಂಚಾಯಿತಿಗೆ ಬೀಗ ಹಾಕಿಸಿದವರು. ಮಗಳ ಸಾಲಿಗೆ ಒಮ್ಮೆಯೂ ಹೋಗಿಲ್ಲ.

ಮಗಳ ಮಾತು ಕೊನೆಗೆ ಇಟ್ಟದ್ದು ಬೇಕಂತಲೇ, ಮನೆಯಲ್ಲಿ ಅವಳ ಊಟದ ಸರದಿ ಕೊನೆಗೇ ಬರುತ್ತದಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡಿಮೆ. ಗಂಡಸರು ನೂರಕ್ಕೆ 62, ಹೆಂಗಸರು 41. ಈ ಇಪ್ಪತ್ತೊಂದರ ಅಂತರ ಯಾರೋ ದೆಹಲಿಯಲ್ಲಿ ಕೂತು ಮಾಡಿದ್ದಲ್ಲ. ನಮ್ಮ ಅಗಸಿ ಮುಂದೆ, ವ್ಯಾನ್ ಬಂದು ನಿಲ್ಲುವ ಜಾಗದಲ್ಲಿ, ದಿನಾ ಬೆಳಿಗ್ಗೆ ಆಗುವ ಕೆಲಸ. ಅವಳಿಗೆ ಸಿಗುವುದು ಊರ ಸಾಲಿಯ ಬಿಸಿಯೂಟ, ಹಾಲು, ಮೊಟ್ಟೆ. ಮೊಟ್ಟೆಯೂ 2021ರ ಡಿಸೆಂಬರಿನಲ್ಲಿ ನಮ್ಮಂಥ ಜಿಲ್ಲೆಗಳಿಗೆ ಮೊದಲು ಬಂತು, ನಮ್ಮ ಮಕ್ಕಳು ಅಷ್ಟು ಸೊರಗಿದ್ದರು ಅಂತ. ಅದಕ್ಕೂ ಅಡ್ಡಗಾಲು ಹಾಕಿದವರು ಇದ್ದರು. ತಮ್ಮನ ಡಬ್ಬಿಯಲ್ಲಿ ಬಿಸ್ಕೀಟು ಇರುತ್ತದೆ.

ಇಬ್ಬರನ್ನೂ ಕಾನ್ವೆಂಟಿಗೆ ಹಾಕುವ ಶಕ್ತಿ ಇದ್ದರೆ ಹಾಕಿ, ನಮ್ಮ ತಕರಾರಿಲ್ಲ. ಹಾಕುವ ಮುಂಚೆ ಗೇಟು ನೋಡಬೇಡಿ. ಟೀಚರ್ ಎಷ್ಟು ವರ್ಷದಿಂದ ಇದ್ದಾರೆ ಕೇಳಿ, ಮಾನ್ಯತೆ ಪತ್ರ ಕೇಳಿ. ಅಲ್ಪಸಂಖ್ಯಾತ ಸಂಸ್ಥೆಯಲ್ಲದ ಸಾಲಿ ಮಗುವಿಗೋ ನಿಮಗೋ ಇಂಟರ್‌ವ್ಯೂ ಮಾಡಿದರೆ ಅದು ಕಾನೂನಿಗೆ ವಿರುದ್ಧ ಅಂತ ಅಲ್ಲೇ ಹೇಳಿ. ಒಬ್ಬರಿಗೇ ಶಕ್ತಿ ಇದ್ದರೆ ಇಬ್ಬರನ್ನೂ ಊರ ಸಾಲಿಗೆ ಹಾಕಿ. ಉಳಿದ 31,000ದಲ್ಲಿ ಮಗಳ ಜೊತೆ ಮಗನಿಗೂ ಸಂಜೆ ಒಂದು ತಾಸು ಇಂಗ್ಲಿಷ್ ಹೇಳಿಕೊಡುವವರು ಸಿಗುತ್ತಾರೆ. ಆಮೇಲೆ ನೀವೇ ಸಾಲಿಗೆ ಹೋಗಿ ಹಾಜರಿ ಪುಸ್ತಕ ಕೇಳಿ. ಮಕ್ಕಳದ್ದಲ್ಲ, ಮಾಸ್ತರರದ್ದು.

ಇದನ್ನು ಬರೆದು ಮುಗಿಸಿ ಆ ಅಪ್ಪನಿಗೇ ಫೋನಿನಲ್ಲಿ ಓದಿ ಹೇಳಿದೆವು. ಹೆಸರು ಹಾಕಿಲ್ಲ ತಾನೇ ಅಂತ ಕೇಳಿದರು. ಇಲ್ಲ ಅಂದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಸ್‌ಡಿಎಂಸಿ ಮೀಟಿಂಗ್ ಯಾವಾಗದ್ರಿ?" ಅಂದರು. ಹಿಂದಿನಿಂದ ಹುಡುಗಿಯ ದನಿ ಕೇಳಿತು. "ಶನಿವಾರ ಐತಪ್ಪಾ. ಚೀಟಿ ಕೊಟ್ಟಿದ್ನೆಲ್ಲ ನಿನಗ."