ಬಿಡಿಸುವುದೋ, ಒಗ್ಗಿಸುವುದೋ?

ಮಗುವಿಗೆ ಹಾಲು ಬಿಡಿಸುವುದಕ್ಕೆ ಇಂಗ್ಲಿಷಿನಲ್ಲಿರುವ ‘ವೀನ್’ ಎಂಬ ಮಾತಿನ ಬುಡದಲ್ಲಿ ಇರುವುದು ಬಿಡಿಸುವುದಲ್ಲ, ಒಗ್ಗಿಸುವುದು ಎಂದು ಹಿಂದೆ ಬರೆದಿದ್ದೆ. ಒಪ್ಪದವರು ಬಹಳ ಜನ. ಕೆಲವರಿಗೆ ಸಿಟ್ಟೂ ಬಂದಿದೆ. ಎಳೆಗೂಸಿನ ಹಾಲಿನ ವಿಚಾರಕ್ಕೆ ಇಷ್ಟು ಸಿಟ್ಟೇ!

ಸ್ಕಾಟ್ಲೆಂಡಿನವರು ಮಗುವನ್ನೇ ‘ವೇನ್’ ಅನ್ನುತ್ತಾರಲ್ಲ, ಪದ ಅಲ್ಲಿಂದಲೇ ಹುಟ್ಟಿರಬೇಕು ಎಂಬುದೊಂದು ವಾದ. ಅದು ‘ವೀ ಏನ್’, ಅಂದರೆ ‘ಚಿಕ್ಕದೊಂದು’ ಎಂಬುದು ಕೂಡಿಕೊಂಡ ರೂಪ. ಕಾಗುಣಿತ ಒಂದೇ, ವಂಶ ಬೇರೆ.

ಹಾಲು ಬಿಡಿಸುವುದೆಂದರೆ ಎಲ್ಲ ಭಾಷೆಗಳಲ್ಲೂ ಅಗಲಿಸುವುದೇ ಎನ್ನುವವರ ಮಾತು ಅರ್ಧ ನಿಜ. ಫ್ರೆಂಚಿನ ‘ಸೆವ್ರೆ’ ಬಂದದ್ದು ಬೇರ್ಪಡಿಸು ಎಂಬರ್ಥದ ಲ್ಯಾಟಿನ್ ಪದದಿಂದ. ಅರಬ್ಬಿಯ ‘ಫಿಸಾಲ್’ ಕೂಡ ಅದೇ ಜಾಡಿನದು. ಹಾಲು ಬಿಟ್ಟ ಒಂಟೆಮರಿ ಅಲ್ಲಿ ‘ಫಸೀಲ್’. ಆದರೆ ಹೀಬ್ರೂವಿನ ‘ಗಾಮಲ್’ ನೋಡಿ. ಬೈಬಲಿನಲ್ಲಿ ಇಸಾಕನಿಗೆ ಹಾಲು ಬಿಡಿಸಿದ ದಿನ ಅಬ್ರಹಾಮ ಔತಣ ಇಟ್ಟ ಕಡೆ ಬರುವ ಈ ಕ್ರಿಯಾಪದವೇ, ಆರೋನನ ಕೋಲು ಚಿಗುರಿ ಬಾದಾಮಿ ಮಾಗಿಸಿತು ಎನ್ನುವಲ್ಲೂ ಬರುತ್ತದೆ. ಮಾಗಿದ್ದಕ್ಕೆ ಔತಣ ಇಡುತ್ತಾರೆ, ಅಗಲಿದ್ದಕ್ಕೆ ಯಾರು ಇಡುತ್ತಾರೆ?

ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಹಳೆಯ ಇಂಗ್ಲಿಷಿನಲ್ಲಿ ‘ವೆನಿಯನ್’ ಎಂದರೆ ಒಗ್ಗಿಸು, ಸರಿ. ಹಾಲು ಬಿಡಿಸುವುದಕ್ಕೆ ಮುಂದೊಂದು ‘ಆ’ ಹಚ್ಚಿದ ‘ಆವೆನಿಯನ್’ ಇತ್ತಲ್ಲ, ಆ ‘ಆ’ಕಾರ ಉದುರಿ ಉಳಿದದ್ದೇ ಇಂದಿನ ಪದ, ನೀವು ಹೇಳುವ ಹೊಸ ಅನ್ನಕ್ಕೆ ಒಗ್ಗಿಸುವ ಕಥೆ ಬರೀ ಕಲ್ಪನೆ ಎಂದು. ಉದುರಿರಬಹುದು, ಒಪ್ಪಿದೆ. ಆದರೂ ನನ್ನ ಮಾತು ಬೀಳುವುದಿಲ್ಲ. ‘ಆವೆನಿಯನ್’ ಎಂದರೂ ರೂಢಿ ತಪ್ಪಿಸು ಎಂದೇ. ಜರ್ಮನ್ನಿನ ‘ಎಂಟ್‌ವ್ಯೋನನ್’ ಇವತ್ತಿಗೂ ಅದನ್ನೇ ಹೇಳುತ್ತದೆ. ಉಪಸರ್ಗ ಇರಲಿ ಬಿಡಲಿ, ಪದದ ಹೊಟ್ಟೆಯೊಳಗೆ ಕೂತಿರುವುದು ರೂಢಿ. ತಾಯಿಯೂ ಇಲ್ಲ, ಮೊಲೆಯೂ ಇಲ್ಲ, ಅಗಲಿಕೆಯಂತೂ ಇಲ್ಲವೇ ಇಲ್ಲ.

ಕೊನೆಗೆ ನಮ್ಮ ಕನ್ನಡವನ್ನೇ ನನ್ನ ಮೇಲೆ ಎತ್ತಿಕಟ್ಟಿದ್ದಾರೆ: ಮೊಲೆ ಬಿಡಿಸುವುದು ಎನ್ನುತ್ತೇವಲ್ಲವೇ, ಬೇವಿನ ರಸ ಹಚ್ಚುತ್ತಿದ್ದದ್ದು ಒಗ್ಗಿಸುವುದಕ್ಕೋ? ಕರುವಿನ ಮೂತಿಗೆ ಕುಕ್ಕೆ ಕಟ್ಟುವುದು ಯಾವ ರೂಢಿ? ಕರುವಿನ ವಿಷಯದಲ್ಲಿ ಸೋತೆ. ಅಲ್ಲಿ ಹಾಲು ನಮ್ಮ ಚೊಂಬಿಗೆ ಬೇಕು. ಮಗುವಿನ ವಿಷಯ ಹಾಗಲ್ಲ. ಬೇವು ಅರೆದ ಅಜ್ಜಿಯರೇ ಅದಕ್ಕೆ ಎಷ್ಟೋ ತಿಂಗಳು ಮೊದಲು ರಾಗಿ ಮಣ್ಣಿ ಕಾಸಿ, ಬೆರಳ ತುದಿಯಲ್ಲಿ ನೆಕ್ಕಿಸಲು ಶುರುಮಾಡಿರುತ್ತಿದ್ದರು.