ಟ್ಯಾಬ್ ಬಂತು, ಪಾಠ ಬರಲಿಲ್ಲ



ಕಳೆದ ಶ್ರಾವಣದಲ್ಲಿ ತೆಲಸಂಗದಲ್ಲಿ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಏಳುವ ಹೊತ್ತಿಗೆ ತಾಯಿಯೊಬ್ಬರು ನನ್ನನ್ನು ನಿಲ್ಲಿಸಿದರು. ನಾನು ಬಹಳ ವರ್ಷ ಪದವಿ ಕಾಲೇಜಿನಲ್ಲಿ ಪಾಠ ಹೇಳಿದವನೆಂಬುದು ಅವರಿಗೆ ಗೊತ್ತಿತ್ತು. “ಸರ್, ನಮ್ಮ ದೊಡ್ಡಾಕಿಗೆ ಕಾಲೇಜಿನ್ಯಾಗ ಟ್ಯಾಬ್ ಕೊಟ್ಟಿದ್ರು. ಆಕಿ ಲಗ್ನಾಗಿ ಹೋದ್ಲು. ಈಗ ಸಣ್ಣಾಕಿ ಬಿ.ಎ. ಓದಾಕತ್ತಾಳ. ಅದರಾಗ ಏನ ಓದಬೇಕು, ಹ್ಯಾಂಗ ಓದಬೇಕು ಅಂತ ಆಕಿಗೂ ಯಾರೂ ಹೇಳ್ಲಿಲ್ಲ, ಈಕಿಗೂ ಯಾರೂ ಹೇಳವಲ್ರು. ಮೊಮ್ಮಗ ಬಂದಾಗ ಹಾಡ ಹಚ್ಚಿ ಕೊಡತೇವ್ರಿ, ಅಷ್ಟ” ಎಂದರು.

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ, ದೂರೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದರು. ಆದರೆ ಅಂದು ನನಗೆ ಪ್ರಸಾದ ರುಚಿಸಲಿಲ್ಲ. ಮಗಳನ್ನು ಓದಿಸಬೇಕೆಂದು ದ್ರಾಕ್ಷಿ ಪಡದಲ್ಲಿ ಕೂಲಿ ಮಾಡುವ ಆ ತಾಯಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಯಾರು? ಸರಕಾರವೇ, ವಿಶ್ವವಿದ್ಯಾಲಯವೇ, ಕಾಲೇಜೇ, ಅಥವಾ ನಾವೇ?

2021ರಲ್ಲಿ ರಾಜ್ಯ ಸರಕಾರವು ಸರಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತು. ಅದೇ ವರ್ಷ ಪಾಠಗಳನ್ನು ಅಂತರ್ಜಾಲದಲ್ಲಿ ಇಟ್ಟು ಕಲಿಸುವ ಎಲ್‌ಎಮ್‌ಎಸ್ ವ್ಯವಸ್ಥೆಯನ್ನೂ ಆರಂಭಿಸಿತು. ಕೇಂದ್ರದ ‘ಸ್ವಯಂ’ 2017ರಿಂದಲೇ ಇದೆ. ಒಂದು ಸೆಮಿಸ್ಟರಿನ ಶೇಕಡಾ 40ರವರೆಗಿನ ವಿಷಯಗಳನ್ನು ಅದರ ಮೂಲಕ ಕಲಿಯಬಹುದೆಂದು ಯುಜಿಸಿ 2021ರಲ್ಲಿ ಅವಕಾಶ ಮಾಡಿಕೊಟ್ಟಿದೆ. ಇವೆಲ್ಲ ಒಳ್ಳೆಯ ಹೆಜ್ಜೆಗಳೇ. ಕೊಟ್ಟವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ಕೊಟ್ಟದ್ದು ಮಗುವಿನ ಕೈಗೆ ಮುಟ್ಟಿತು, ತಲೆಗೆ ಮುಟ್ಟಲಿಲ್ಲ. ಏಕೆ ಎಂಬುದನ್ನು ನಾವು ವಿಚಾರ ಮಾಡಬೇಕು.

ನಮ್ಮ ರೈತರಿಗೆ ಇದನ್ನು ತಿಳಿಸಿ ಹೇಳುವುದು ಕಷ್ಟವಲ್ಲ. ಮಳೆ ಕಡಿಮೆ ಇರುವ ಈ ಭಾಗದಲ್ಲಿ ಹನಿ ನೀರಾವರಿ ಬಂದ ಮೇಲೆ ದ್ರಾಕ್ಷಿ ಬೆಳೆಯಿತು, ಮಣುಕ ಮಾಡುವ ಶೆಡ್ಡುಗಳು ಎದ್ದವು. ಆದರೆ ಬರೀ ಪೈಪು ತಂದು ಹೊಲದ ಬದುವಿಗೆ ಒಗೆದಿದ್ದರೆ ಬಳ್ಳಿಗೆ ನೀರು ಮುಟ್ಟುತ್ತಿತ್ತೇ? ಪೈಪು ಹಾಸಿ ತೋರಿಸುವವರು ಬಂದರು. ಫಿಲ್ಟರ್ ತೊಳೆಯುವುದನ್ನು, ಕಟ್ಟಿದ ಹನಿಯನ್ನು ಬಿಡಿಸುವುದನ್ನು ಒಬ್ಬರು ಮತ್ತೊಬ್ಬರಿಗೆ ಕಲಿಸಿದರು. ಪಕ್ಕದವರ ಹೊಲ ನೋಡಿ ನಮ್ಮ ಹೊಲ ಸುಧಾರಿಸಿತು. ಕಾಲೇಜಿನ ಪಾಠಕ್ಕೆ ನಾವು ಪೈಪು ಮಾತ್ರ ತಂದೆವು. ಹಾಸುವವರನ್ನು ಕರೆಯಲಿಲ್ಲ.

ಹಾಸಬೇಕಾದವರು ಅಧ್ಯಾಪಕರು. ಅವರ ಸ್ಥಿತಿ ಹೇಗಿದೆ? ರಾಜ್ಯದ ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ದುಡಿಯುತ್ತಿದ್ದಾರೆ. ಪಾಠದ ದೊಡ್ಡ ಭಾರ ಅವರ ಹೆಗಲ ಮೇಲಿದೆ. ಸೇವಾ ಭದ್ರತೆ ಕೇಳಿ ಅವರು 2023ರ ನವೆಂಬರಿನಿಂದ ವಾರಗಟ್ಟಲೆ ಮುಷ್ಕರ ಕೂತದ್ದು ನಮಗೆಲ್ಲ ನೆನಪಿದೆ. ಮುಂದಿನ ವರ್ಷ ಇದೇ ಕಾಲೇಜಿನಲ್ಲಿ ಇರುತ್ತೇನೋ ಇಲ್ಲವೋ ಎಂಬ ಚಿಂತೆಯಲ್ಲಿರುವ ಉಪನ್ಯಾಸಕ ರಾತ್ರಿ ಕೂತು ವಿಡಿಯೋ ಪಾಠ ಸಿದ್ಧಪಡಿಸಬೇಕೆಂದು ನಾವು ಯಾವ ಬಾಯಿಂದ ಹೇಳುವುದು? ಹದಿನೈದು ನಿಮಿಷದ ಒಂದು ಒಳ್ಳೆಯ ಪಾಠ ಮಾಡಲು ಒಂದಿಡೀ ದಿನ ಬೇಕು. ಆ ದಿನವನ್ನು ಯಾರೂ ಅವರ ಕೆಲಸದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಕೊರೊನಾ ಕಾಲದಲ್ಲಿ ನಾನು ಪಾಠ ಹೇಳುತ್ತಿದ್ದ ಕಾಲೇಜಿನಲ್ಲಿ ಒಂದು ದಿನ ಎರಡು ತಾಸಿನ ತರಬೇತಿ ನಡೆಯಿತು. ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಕಳಿಸಿದರು. ಮರುದಿನದಿಂದ ನಾನು ಮೊಬೈಲಿನ ಮುಂದೆ ಕೂತು ಹಿಂದಿನಂತೆಯೇ ನೋಟ್ಸ್ ಹೇಳಿದೆ. ಮಾಳಿಗೆ ಮೇಲೆ ಹತ್ತಿ ಸಿಗ್ನಲ್ ಹುಡುಕಿದ ಮಕ್ಕಳು ಅದನ್ನು ಬರೆದುಕೊಂಡರು. ಯಾರಿಗೆ ತಿಳಿಯಿತು, ಯಾರಿಗೆ ತಿಳಿಯಲಿಲ್ಲ ಎಂಬುದು ನನಗೆ ಗೊತ್ತಾಗಲಿಲ್ಲ. ಯಂತ್ರ ಬದಲಾಯಿತು, ಕಲಿಸುವ ರೀತಿ ಬದಲಾಗಲಿಲ್ಲ. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಪಠ್ಯಕ್ರಮದ ಕಥೆಯೂ ಇದೆ. 2021ರಲ್ಲಿ ಹೊಸ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿ ಬಂತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ಒಂದು ಪಠ್ಯಕ್ಕೆಂದು ಮಾಡಿದ ಪಾಠ ಇನ್ನೊಂದಕ್ಕೆ ಪೂರ್ತಿ ಹೊಂದುವುದಿಲ್ಲ. ಹೀಗಾಗಿ ಡಿಜಿಟಲ್ ಪಾಠವೆಂಬುದು ಒಮ್ಮೆ ಮಾಡಿಟ್ಟು ಮರೆಯುವ ವಸ್ತುವಲ್ಲ. ವರ್ಷ ವರ್ಷ ಅದನ್ನು ತಿದ್ದುವ ಕೈಗಳು ಬೇಕು. ‘ಸ್ವಯಂ’ನ ಹೆಚ್ಚಿನ ಪಾಠಗಳು ಇಂಗ್ಲಿಷಿನಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಮ್ಮ ಹುಡುಗಿಗೆ ಅವು ಬಾಗಿಲು ಹಾಕಿದ ಮನೆಯಿದ್ದಂತೆ.

ಬೆಳಗಾವಿಗೆ ಈ ಕೆಲಸ ಹೊಸದೇನಲ್ಲ. 2004ರ ಸಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿಸಿದಾಗ ಅದನ್ನು ಮೊದಲು ಬಳಸಿದವರಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಒಂದು. ಒಬ್ಬ ಒಳ್ಳೆಯ ಪ್ರಾಧ್ಯಾಪಕರ ಪಾಠವನ್ನು ಏಕಕಾಲಕ್ಕೆ ಅನೇಕ ಎಂಜಿನಿಯರಿಂಗ್ ಕಾಲೇಜುಗಳ ಮಕ್ಕಳು ಕೇಳಿದರು. ಕೂತಲ್ಲಿಂದಲೇ ಪ್ರಶ್ನೆ ಕೇಳುವ ಸೌಲಭ್ಯವೂ ಅದರಲ್ಲಿತ್ತು. 2010ರಲ್ಲಿ ಆ ಉಪಗ್ರಹದ ಆಯುಷ್ಯ ಮುಗಿಯಿತು. ಅದೇ 2010ರಲ್ಲಿ ನಮ್ಮ ಭಾಗಕ್ಕೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂತು. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ಇಪ್ಪತ್ತು ವರ್ಷದ ಹಿಂದೆ ಸಿಕ್ಕಿದ್ದು ಹೋಬಳಿಯಲ್ಲಿ ಬಿ.ಎ., ಬಿ.ಕಾಂ. ಓದುವ ಮಕ್ಕಳಿಗೆ ಇನ್ನೂ ಏಕೆ ಸಿಕ್ಕಿಲ್ಲ?

ಇಲ್ಲಿ ನಾವು ಪೂಜ್ಯ ಫ.ಗು. ಹಳಕಟ್ಟಿಯವರನ್ನು ನೆನೆಯಬೇಕು. ತಾಡೋಲೆಗಳಲ್ಲಿ, ಮನೆಮನೆಯ ಗಂಟುಗಳಲ್ಲಿ ಅಡಗಿದ್ದ ವಚನಗಳನ್ನು ಅವರು ಹೊರತಂದರು. 1923ರಲ್ಲಿ ‘ವಚನ ಶಾಸ್ತ್ರಸಾರ’ದ ಮೊದಲ ಭಾಗ ಅಚ್ಚಾಯಿತು. ಮುಂದೆ ಮನೆ ಮಾರಿ ಮುದ್ರಣ ಯಂತ್ರ ತಂದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದರು. ಅಂದಿನ ಹೊಸ ತಂತ್ರಜ್ಞಾನ ಮುದ್ರಣ. ಆದರೆ ಯಂತ್ರ ತಂದು ಕೂಡಿಸಿದ ಮಾತ್ರಕ್ಕೆ ವಚನಗಳು ನಮ್ಮ ಮನೆಗೆ ಬರಲಿಲ್ಲ. ಹಸ್ತಪ್ರತಿ ಹುಡುಕಿ, ಪಾಠ ಹೋಲಿಸಿ, ತಿದ್ದಿ, ಓದುಗನಿಗೆ ತಿಳಿಯುವಂತೆ ಜೋಡಿಸಿದ ಒಬ್ಬ ಶರಣ ಆ ಯಂತ್ರದ ಹಿಂದೆ ಇದ್ದ. ಇಂದು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳು ‘ವಚನ ಸಂಚಯ’ದಲ್ಲಿ ಮೊಬೈಲಿಗೇ ಸಿಗುತ್ತವೆ. ಅದರ ಹಿಂದೆಯೂ ಆಸಕ್ತರ ಶ್ರಮವಿದೆ. ಯಂತ್ರದ ಹಿಂದೆ ಕಾಯಕ ಮಾಡುವ ಮನುಷ್ಯ ಬೇಕು. ಅವನಿಗೆ ಬೆಂಬಲ ಕೊಡುವ ಸಮಾಜವೂ ಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ.

ಹಾಗಾದರೆ ಏನು ಮಾಡಬೇಕು?

ಮೊದಲು ಮಠಗಳು. ಧಾರವಾಡದ ಮುರುಘಾಮಠದಂಥ ಮಠಗಳು ಪ್ರಸಾದ ನಿಲಯ ನಡೆಸದಿದ್ದರೆ ಈ ಭಾಗದ ಎಷ್ಟೋ ಬಡ ಮಕ್ಕಳು ಕಾಲೇಜಿನ ಮೆಟ್ಟಿಲು ಹತ್ತುತ್ತಿರಲಿಲ್ಲ. ಅಂದು ಮಗುವಿಗೆ ಬೇಕಾದದ್ದು ಅನ್ನ ಮತ್ತು ಆಸರೆ. ಇಂದು ಅದರ ಜೊತೆಗೆ ಬೇಕಾದದ್ದು ಕೂತು ಓದಲು ಒಂದು ಶಾಂತ ಕೋಣೆ, ಕರೆಂಟು ಹೋದರೆ ಇನ್ವರ್ಟರ್, ಸರಿಯಾದ ಅಂತರ್ಜಾಲ, ಹತ್ತು ಕಂಪ್ಯೂಟರ್, ಮತ್ತು ಸಂಜೆ ಮೂರು ತಾಸು ಜೊತೆಗಿದ್ದು ದಾರಿ ತೋರಿಸುವ ಒಬ್ಬ ಮಾರ್ಗದರ್ಶಕ. ಈ ಕೊನೆಯದು ಇಲ್ಲದಿದ್ದರೆ ಮೊದಲಿನ ನಾಲ್ಕೂ ವ್ಯರ್ಥ. ಊರಲ್ಲಿಯೇ ಬಿ.ಎ., ಬಿ.ಎಸ್‌ಸಿ. ಮುಗಿಸಿ ಕೆಲಸ ಹುಡುಕುತ್ತಿರುವ ತರುಣ ತರುಣಿಯರಿದ್ದಾರೆ. ಅವರಿಗೆ ಗೌರವಧನ ಕೊಟ್ಟು ಈ ಕಾಯಕ ಒಪ್ಪಿಸಬಹುದು. ಜಾತ್ರೆಯಲ್ಲಿ ಮದ್ದು ಸುಡುವುದಕ್ಕೂ ಧ್ವನಿವರ್ಧಕಕ್ಕೂ ಹೋಗುವ ದುಡ್ಡಿನಲ್ಲಿ ಒಂದು ಪಾಲು ಇದಕ್ಕೆ ತೆಗೆದಿಟ್ಟರೆ ಸಾಕು. ಬಸ್ಸು ತಪ್ಪುತ್ತದೆ, ಕತ್ತಲಾಗುತ್ತದೆ ಎಂದು ಮಗಳ ಕಾಲೇಜು ಬಿಡಿಸುವ ತಂದೆ ತಾಯಿ ಊರ ಮಠದ ಅಂಗಳಕ್ಕಾದರೆ ಅವಳನ್ನು ನಂಬಿ ಕಳಿಸುತ್ತಾರೆ.

ಎರಡನೆಯದು ನಮ್ಮ ದೊಡ್ಡ ಶಿಕ್ಷಣ ಸಂಸ್ಥೆಗಳು. 1910ರಲ್ಲಿ ವಿಜಯಪುರದಲ್ಲಿ ಹಳಕಟ್ಟಿಯವರ ಮುಂದಾಳತ್ವದಲ್ಲಿ ಬಿ.ಎಲ್.ಡಿ.ಇ. ಹುಟ್ಟಿತು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಕಟ್ಟಿದರು. ಸಮಾಜದ ದಾಸೋಹದಿಂದ ಬೆಳೆದ ಸಂಸ್ಥೆಗಳಿವು. ಪದವಿಯ ಒಂದೊಂದು ವಿಷಯವನ್ನು ಒಳ್ಳೆಯ ಅಧ್ಯಾಪಕರಿಂದ ಕನ್ನಡದಲ್ಲಿ ಹೇಳಿಸಿ, ತಮ್ಮ ವಿದ್ಯಾರ್ಥಿಗಳಿಗಷ್ಟೇ ಅಲ್ಲದೆ ಎಲ್ಲರಿಗೂ ತೆರೆದಿಡಲಿ ಎಂಬುದು ನನ್ನ ಬಿನ್ನಹ. ನೆಟ್ ಇಲ್ಲದ ಕಡೆ ಪೆನ್‌ಡ್ರೈವಿನಲ್ಲಿ ಒಯ್ಯುವಂತೆಯೂ ಇರಲಿ. ಗಡಿಯಾಚೆ ಜತ್ತ ತಾಲ್ಲೂಕಿನಲ್ಲಿ ಕನ್ನಡ ಶಾಲೆಯಲ್ಲಿ ಕಲಿತ ಮಕ್ಕಳಿಗೂ ಅದು ದಾರಿಯ ಬುತ್ತಿಯಾದೀತು.

ಮೂರನೆಯದು ವಿಶ್ವವಿದ್ಯಾಲಯ. ಡಿಜಿಟಲ್ ಪಾಠ ಸಿದ್ಧಪಡಿಸುವುದನ್ನು ಬೋಧನೆಯ ಕೆಲಸವೆಂದೇ ಲೆಕ್ಕ ಹಾಕಬೇಕು. ಅತಿಥಿ ಉಪನ್ಯಾಸಕರಿಗೂ ತರಬೇತಿ ಮತ್ತು ಸಂಭಾವನೆ ಸಿಗಬೇಕು. ಒಂದು ವಿಷಯವನ್ನು ಒಬ್ಬರೇ ಹೊರದೆ ನಾಲ್ಕು ಕಾಲೇಜಿನ ಅಧ್ಯಾಪಕರು ಕೂಡಿ ಮಾಡಬೇಕು. ಬೆಳಗಾವಿಯ ಬಳಿ ಇರುವ ವಿಶ್ವವಿದ್ಯಾಲಯಕ್ಕೆ ತೆಲಸಂಗದ ಕಡೆಯಿಂದ ಹೋಗಿಬರಲು ಒಂದು ದಿನವೇ ಬೇಕು, ನಮಗೆ ವಿಜಯಪುರವೇ ಹತ್ತಿರ. ತರಬೇತಿಯೇ ಅಥಣಿ, ಚಿಕ್ಕೋಡಿ, ರಾಯಬಾಗಕ್ಕೆ ಬರಲಿ.

ಕೆಲವು ಹಿರಿಯರು, “ಮೊಬೈಲ್ ಕೊಟ್ಟೇ ಮಕ್ಕಳು ಕೆಟ್ಟಿದ್ದು, ಮತ್ತೆ ಮಠದಾಗೂ ಅದೇ ಏನು?” ಎಂದು ಕೇಳುತ್ತಾರೆ. ಅವರ ಆತಂಕ ಸುಳ್ಳಲ್ಲ. ಪುಸ್ತಕ ತೆರೆಯದೆ ಚಾಟ್‌ಜಿಪಿಟಿಯಿಂದ ಉತ್ತರ ಇಳಿಸಿ ಕಾಲೇಜಿಗೆ ಕೊಡುವ ಮಕ್ಕಳನ್ನು ನಾನೂ ನೋಡಿದ್ದೇನೆ. ಆದರೆ ಮೊಬೈಲು ಈಗಾಗಲೇ ಅವರ ಕೈಯಲ್ಲಿದೆ. ಒಬ್ಬಂಟಿಯಾಗಿ ಮೂಲೆಯಲ್ಲಿ ನೋಡುವ ಮಗು ಹಾದಿ ತಪ್ಪುತ್ತದೆ. ನಾಲ್ಕು ಜನರ ನಡುವೆ, ಕೇಳುವವರ ಎದುರು ಕೂತ ಮಗು ಕಲಿಯುತ್ತದೆ.

ಇನ್ನೊಂದು ಆತಂಕ ನನ್ನದು. ಪರದೆ ಇದೆಯಲ್ಲ, ಅಧ್ಯಾಪಕರೇಕೆ ಎಂದು ನಾಳೆ ಯಾರಾದರೂ ಹೇಳಬಹುದು. ಅದಕ್ಕೆ ನಾವು ಒಪ್ಪಬಾರದು. ಅನುಭವ ಮಂಟಪದಲ್ಲಿ ಒಬ್ಬರು ಹೇಳಿ ಉಳಿದವರು ಸುಮ್ಮನೆ ಕೇಳಲಿಲ್ಲ. ಕಾಯಕದಿಂದ ಬಂದ ಶರಣರು ಶರಣೆಯರು ಪ್ರಶ್ನೆ ಕೇಳಿದರು, ದೊಡ್ಡವರ ಮಾತನ್ನೂ ಒರೆಗೆ ಹಚ್ಚಿದರು. ಕಲಿಕೆ ಎಂದರೆ ಅದು. ಮನೆಯಲ್ಲಿ ಹದಿನೈದು ನಿಮಿಷ ಪಾಠ ನೋಡಿ ಬರಲಿ, ತರಗತಿಯ ತಾಸೆಲ್ಲ ಪ್ರಶ್ನೆಗೆ, ಚರ್ಚೆಗೆ ಮೀಸಲಾಗಲಿ. ನೋಟ್ಸ್ ಹೇಳುವ ಕೆಲಸದಿಂದ ಯಂತ್ರ ಗುರುವನ್ನು ಬಿಡಿಸಬೇಕು, ಗುರುವನ್ನೇ ತರಗತಿಯಿಂದ ಬಿಡಿಸಬಾರದು.

ಆ ತಾಯಿಗೆ ಅಂದು ನಾನು ಕೊಟ್ಟ ಉತ್ತರ ಇಷ್ಟೇ: “ಅವ್ವಾ, ರವಿವಾರ ಸಂಜೆ ಮಗಳನ್ನ ಕರಕೊಂಡು ಮಠಕ್ಕ ಬರ್ರಿ. ಟ್ಯಾಬೂ ತರ್ರಿ.” ಬಂದರು. ಜೊತೆಗೆ ಓಣಿಯ ಇನ್ನೂ ಮೂವರು ಹುಡುಗಿಯರು ಬಂದರು. ಈಗ ರವಿವಾರ ಸಂಜೆ ನಾವು ಐದು ಮಂದಿ ಕೂಡುತ್ತೇವೆ. ಒಂದು ಹಳೆಯ ಟ್ಯಾಬ್, ಎರಡು ಮೊಬೈಲ್, ಒಂದು ಚಾಪೆ. ಇದು ಬಹಳ ಸಣ್ಣ ಕೆಲಸ, ನನಗೆ ಗೊತ್ತು. ನಿಮ್ಮ ಊರಿನ ಮಠದಲ್ಲಿಯೂ ಒಂದು ಚಾಪೆ ಹಾಸಲು ಜಾಗವಿದೆ. ಈ ಸಂಚಿಕೆ ಓದಿದ ನಿವೃತ್ತ ಶಿಕ್ಷಕರೊಬ್ಬರು ಅದನ್ನು ಹಾಸಿದರೆ ನಾನು ಬರೆದದ್ದು ಸಾರ್ಥಕ.